ಮೊಣಕಾಲೆತ್ತರದ ಬೈಕು

ರಿಮಿನಿ ದಾಟಿ ಸ್ವಲ್ಪ ಹೊತ್ತಿಗೆ ಕತ್ತೋಲಿಕಾ ಸ್ಟೇಷನ್ ಬಂತು. ಜೊತೆಗಿಳಿದವರೆಲ್ಲ ಟವೆಲ್ಲು, ಛತ್ರಿ ಹಿಡಿದು ಸಮುದ್ರದ ಕಡೆ ಹೊರಟರು. ಹೆಲ್ಮೆಟ್ ಹಿಡಿದು ಉಲ್ಟಾ ದಿಕ್ಕಿಗೆ ಹೊರಟವನು ನಾನೊಬ್ಬನೇ.

ಇಟಲಿಯ ಈ ಕರಾವಳಿಗೆ ಬೈಕಿನ ಹುಚ್ಚು ಹಳೆಯದು. ಬೈಕ್ ರೇಸರ್ ವ್ಯಾಲೆಂಟಿನೊ ರೊಸ್ಸಿ ಬೆಳೆದ ತವುಲ್ಲಿಯಾ ಊರು ಇಲ್ಲಿಗೆ ಹತ್ತಿರ. ಒಂಬತ್ತು ಸಲ ವಿಶ್ವ ಚಾಂಪಿಯನ್ ಆದ ಅವನು ಹುಡುಗನಾಗಿದ್ದಾಗ ಕಾರ್ಟ್ ಅನ್ನುವ ಪುಟ್ಟ ರೇಸ್ ಕಾರು ಓಡಿಸುತ್ತಿದ್ದ. ಅದರ ಖರ್ಚು ಜಾಸ್ತಿ ಅಂತ ಮಿನಿಮೋಟೋ ಅನ್ನುವ ಪುಟ್ಟ ರೇಸ್ ಬೈಕಿಗೆ ಬಂದ. ಇನ್ನೊಬ್ಬ ರೇಸರ್ ಮಾರ್ಕೊ ಸಿಮೊನ್ಚೆಲ್ಲಿ ಹುಟ್ಟಿದ್ದು ಕತ್ತೋಲಿಕಾದಲ್ಲೇ, 1987ರಲ್ಲಿ. ಅವನೂ ಈ ಪುಟ್ಟ ಬೈಕಿನಲ್ಲೇ ರೇಸು ಕಲಿತವನು. 2011ರಲ್ಲಿ ಮಲೇಷ್ಯಾದ ಸೆಪಾಂಗ್ ರೇಸಿನಲ್ಲಿ ಬಿದ್ದು ತೀರಿಕೊಂಡ. ಪಕ್ಕದ ಮಿಸಾನೊ ರೇಸ್ ಸರ್ಕಿಟ್‌ಗೆ ಈಗ ಅವನದೇ ಹೆಸರು.

ನಾನು ಹೋಗಿದ್ದು ಅಷ್ಟು ದೊಡ್ಡ ಜಾಗಕ್ಕಲ್ಲ, ಒಂದು ಕಾರ್ಟ್ ಟ್ರ್ಯಾಕಿಗೆ. ಕಣ್ಣಿಗೆ ಬೀಳುವ ಮೊದಲೇ ಸದ್ದು ಕೇಳಿತು. ಇಪ್ಪತ್ತು ಕಳೆ ಕೊಚ್ಚುವ ಮಷಿನ್ ಒಟ್ಟಿಗೆ ಶುರು ಮಾಡಿದ ಹಾಗೆ. ಆಮೇಲೆ ಟೂ ಸ್ಟ್ರೋಕ್ ಹೊಗೆಯ ವಾಸನೆ. ಆರ್‌ಎಕ್ಸ್ 100 ಓಡಿಸಿದವರಿಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಬೈಕು ನೋಡಿ ನಗು ಬಂತು. ಎತ್ತರ ನನ್ನ ಮೊಣಕಾಲಿನಷ್ಟು. ತೂಕ ಇಪ್ಪತ್ತು ಕೆಜಿ ಆಸುಪಾಸು, ಸೂಟ್‌ಕೇಸಿನ ಹಾಗೆ ಎತ್ತಿಕೊಂಡು ಹೋಗಬಹುದು. ಎಂಜಿನ್ 40 ಸಿಸಿ. ಗೇರಿಲ್ಲ, ಶಾಕ್ ಅಬ್ಸಾರ್ಬರ್ ಇಲ್ಲ. ಎಂಜಿನ್ ಜೋರಾದರೆ ಕ್ಲಚ್ ತಾನಾಗಿ ಹಿಡಿಯುತ್ತದೆ, ಅಷ್ಟೇ. ಹಗ್ಗ ಎಳೆದು ಶುರು ಮಾಡಬೇಕು. ಆಗ ಹಿಂದಿನ ಚಕ್ರ ಸ್ಟ್ಯಾಂಡಿನ ಮೇಲೆ ಗಾಳಿಯಲ್ಲಿರಬೇಕು. ಇಲ್ಲದಿದ್ದರೆ ಬೈಕು ಸವಾರನನ್ನು ಬಿಟ್ಟೇ ಹೊರಟುಬಿಡುತ್ತದೆ.

ಎಂಟು ವರ್ಷದ ಹುಡುಗಿಯೊಬ್ಬಳು ಬಂದಳು. ಹೆಲ್ಮೆಟ್ಟೇ ಭುಜಕ್ಕಿಂತ ಅಗಲ. ಅಪ್ಪ ಮಂಡಿಯೂರಿ ಹಗ್ಗ ಎಳೆದ, ಬಾಲ ಹಿಡಿದು ಚಕ್ರ ನೆಲಕ್ಕಿಳಿಸಿದ, ಕೈ ಬಿಟ್ಟ. ಮೊದಲ ತಿರುವಿನಲ್ಲೇ ಅವಳು ಬೈಕನ್ನು ಎಷ್ಟು ವಾಲಿಸಿದಳೆಂದರೆ ಮೊಣಕಾಲು ಡಾಂಬರಿಗೆ ತಾಗಿ ಕರಕರ ಸದ್ದು ಬಂತು. ನನ್ನ ನಗು ಅಲ್ಲಿಗೆ ನಿಂತಿತು. ಶಾಕ್ ಇಲ್ಲದ ಬೈಕಿನಲ್ಲಿ ನೆಲದ ಒಂದೊಂದು ಉಬ್ಬೂ ನೇರ ಮೈಗೆ ಬರುತ್ತದೆ. ಎಂಜಿನ್ ಚಿಕ್ಕದು, ತಿರುವಿನಲ್ಲಿ ವೇಗ ಕಳೆದುಕೊಂಡರೆ ಮತ್ತೆ ಗಳಿಸುವುದು ಕಷ್ಟ. ಹಾಗಾಗಿ ಮಕ್ಕಳು ಬ್ರೇಕ್ ಹಿಡಿಯುವುದಕ್ಕಿಂತ ಮೈ ವಾಲಿಸುವುದನ್ನೇ ಮೊದಲು ಕಲಿಯುತ್ತಾರೆ.

ಈ ಕಲಿಕೆಗೆ ಈಗ ದೊಡ್ಡ ದಾರಿಯೂ ಇದೆ. 2021ರಿಂದ ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟದ (ಎಫ್‌ಐಎಂ) ಮಿನಿಜಿಪಿ ರೇಸ್ ಸರಣಿ ನಡೆಯುತ್ತಿದೆ. ಹತ್ತರಿಂದ ಹದಿನಾಲ್ಕು ವರ್ಷದವರಿಗೆ, 160 ಸಿಸಿ ಬೈಕು. ಅದಕ್ಕೆ ಗೇರು, ಶಾಕ್ ಎರಡೂ ಉಂಟು. ಎಲ್ಲರಿಗೂ ಒಂದೇ ಮಾದರಿಯ ಬೈಕು ಕೊಡುವುದು ನನಗೆ ಇಷ್ಟವಾದ ವಿಷಯ. ಅಪ್ಪನ ದುಡ್ಡಿನ ಆಟ ಸ್ವಲ್ಪವಾದರೂ ಕಡಿಮೆಯಾಗುತ್ತದೆ.

ಮಧ್ಯಾಹ್ನ ಬಾಡಿಗೆ ಬೈಕಿನ ಸರದಿ. ಬಾಡಿಗೆಯ ಚರ್ಮದ ಸೂಟು ತೊಟ್ಟು ಕೂತೆ. ಮೊಣಕಾಲು ಕಿವಿಯ ಹತ್ತಿರ ಬಂತು. ಎರಡನೇ ತಿರುವಿನಲ್ಲಿ ಅಭ್ಯಾಸಬಲದಿಂದ ಬಲಗಾಲು ಬ್ರೇಕ್ ಹುಡುಕಿತು. ಅಲ್ಲಿ ಏನಿದೆ ಮಣ್ಣು! ಎರಡು ಬ್ರೇಕೂ ಕೈಯಲ್ಲೇ ಇವೆ, ಸೈಕಲ್ಲಿನ ಹಾಗೆ. ಗಾಬರಿಯಲ್ಲಿ ಮುಂದಿನದನ್ನು ಗಟ್ಟಿಯಾಗಿ ಹಿಡಿದೆ. ಬೈಕು ಒಂದು ಕಡೆ, ನಾನು ಹುಲ್ಲಿನ ಮೇಲೆ ಇನ್ನೊಂದು ಕಡೆ. ಬೀಳೋಕೆ ಅರ್ಧ ಅಡಿಯಷ್ಟೇ ಇದ್ದಿದ್ದರಿಂದ ಪೆಟ್ಟಾಗಲಿಲ್ಲ. ಮಾನ ಹೋಯಿತು ಅಷ್ಟೇ.

ಬೈಕು ತಳ್ಳಿಕೊಂಡು ಬಂದೆ. ಆ ಹುಡುಗಿ ಗೋಡೆಗೆ ಒರಗಿ ಕೂತು ಸೂಟಿನ ಮೊಣಕಾಲಿಗೆ ಅಂಟಿಸಿದ ಪ್ಲಾಸ್ಟಿಕ್ ತುಂಡನ್ನು ಬೆರಳಿನಿಂದ ಸವರುತ್ತಿದ್ದಳು. ಒಂದು ಅಂಚು ಪೂರ್ತಿ ಓರೆಯಾಗಿ ಸವೆದಿತ್ತು. ನನ್ನ ಮೊಣಕಾಲಿನ ತುಂಡು ನೋಡಿದಳು. ಹೊಚ್ಚ ಹೊಸದು, ಒಂದು ಗೀರೂ ಇಲ್ಲ. ಏನೂ ಹೇಳಲಿಲ್ಲ. ಸುಮ್ನೆ ಅಪ್ಪನ ಕಡೆ ತಿರುಗಿ ನಕ್ಕಳು.