ಟೇಪು ಅಳತೆಯಿಂದ ನಾಟಿ ಮೇಕೆಯ ತೂಕ: ಭಾಜಕ ಹೊಂದಿಸುವ ಹಂತ

ಸೂತ್ರ ಎಲ್ಲರಿಗೂ ಗೊತ್ತಿರುವುದೇ. ಎದೆ ಸುತ್ತಳತೆಯ ವರ್ಗವನ್ನು ಮೈ ಉದ್ದದಿಂದ ಗುಣಿಸಬೇಕು. ಅಳತೆ ಅಂಗುಲದಲ್ಲಿದ್ದರೆ 300ರಿಂದ ಭಾಗಿಸಿ ಪೌಂಡು, ಸೆಂಟಿಮೀಟರಿನಲ್ಲಿದ್ದರೆ ಸುಮಾರು 10,840ರಿಂದ ಭಾಗಿಸಿ ಕಿಲೋ. ಸುತ್ತಳತೆ 70, ಉದ್ದ 64 ಸೆಂ.ಮೀ. ಇದ್ದರೆ 28.9 ಕಿಲೋ.

ತಕರಾರು ಆ 300ರದ್ದು. ಎಲ್ಲ ಮೇಕೆಯ ಮೈಕಟ್ಟೂ ಒಂದೇ ಎಂದು ಅದು ಹಿಡಿದುಕೊಳ್ಳುತ್ತದೆ. ಅದಕ್ಕೇ ಈಗ ಪ್ರತಿ ಮೇಕೆಯನ್ನೂ ಟೇಪಿನಲ್ಲಿ ಅಳೆದು, ಕೂಡಲೇ ತಕ್ಕಡಿಗೆ ಹಾಕಿ, ಅದರದೇ ಭಾಜಕ, ಅಂದರೆ ಭಾಗಿಸುವ ಸಂಖ್ಯೆ, ತೆಗೆಯುವ ಕೆಲಸ ನಡೆದಿದೆ: ಸುತ್ತಳತೆಯ ವರ್ಗ × ಉದ್ದ ÷ ನಿಜವಾದ ತೂಕ. ಮೇಲಿನ ಮೇಕೆ ತಕ್ಕಡಿಯಲ್ಲಿ 27 ಕಿಲೋ ತೂಗಿದರೆ ಭಾಜಕ 10,840ರ ಬದಲು ಸುಮಾರು 11,615. ಹೀಗೆ ಬಂದವುಗಳನ್ನು ಏರಿಕೆ ಕ್ರಮದಲ್ಲಿಟ್ಟು ನಡುವಿನದನ್ನು ಹಿಡಿಯುವುದು. ಸರಾಸರಿ ಬೇಡ, ಒಂದೇ ತಪ್ಪು ಅಳತೆ ಅದನ್ನು ಎಳೆದುಬಿಡುತ್ತದೆ. ಮರಿ, ಹೋತ, ದೊಡ್ಡ ಹೆಣ್ಣು ಮೇಕೆ ಮೂರಕ್ಕೂ ಬೇರೆ ಬೇರೆ ಪಟ್ಟಿ. ಗಬ್ಬದವನ್ನು ಪೂರ್ತಿ ಬಿಟ್ಟಿದೆ: ಹೊಟ್ಟೆಯ ಭಾರ ಎದೆಯ ಟೇಪಿಗೆ ಕಾಣುವುದಿಲ್ಲ. ಹೊಟ್ಟೆ ತುಂಬ ಮೇದದ್ದೂ ಹಾಗೆಯೇ, ಆದ್ದರಿಂದ ತೂಗುವುದು ಬೆಳಿಗ್ಗೆ, ಮೇವು ನೀರಿಗೆ ಮೊದಲು.

ತಕ್ಕಡಿ ನೇತುಹಾಕುವ ಡಯಲ್ ತಕ್ಕಡಿ. ಮೇಕೆಯನ್ನು ಹೊರುವ ಜೋಲಿಯ ತೂಕ ಕಳೆಯುವುದನ್ನು ಮರೆಯಬಾರದು. ತಕ್ಕಡಿಯ ಪರೀಕ್ಷೆಗೆ 20 ಲೀಟರ್ ನೀರು ಸಾಕು: 20 ಕಿಲೋ, ಜೊತೆಗೆ ಕ್ಯಾನಿನ ತೂಕ.

ಹೆಚ್ಚು ಕಾಡುವುದು ಟೇಪು ಹಿಡಿಯುವ ಕೈ. ಸುತ್ತಳತೆ ವರ್ಗವಾಗುವುದರಿಂದ 70ರ ಬದಲು 72 ಎಂದು ಓದಿದರೆ ತೂಕ 1.7 ಕಿಲೋ ಏರುತ್ತದೆ, ಉದ್ದದಲ್ಲಿ ಅಷ್ಟೇ ತಪ್ಪಾದರೆ 0.9 ಮಾತ್ರ. ಮೇಕೆ ಸಮನೆಲದಲ್ಲಿ ನಾಲ್ಕೂ ಕಾಲೂರಿ, ತಲೆ ನೇರ ಇಟ್ಟು ನಿಂತಿರಬೇಕು. ಟೇಪು ಮುಂಗಾಲಿನ ಮೊಣಕೈ ಹಿಂದೆಯೇ ಹಾದು ಹೆಗಲ ಮೇಲೆ ಬರಬೇಕು, ಒಂದಿಷ್ಟೂ ತಿರುಚಿರಬಾರದು. ಕೂದಲು ಅದುಮುವಷ್ಟು ಬಿಗಿ ಸಾಕು, ಚರ್ಮ ಒಳಹೋಗಬಾರದು. ಉದ್ದ ಎಂದರೆ ಭುಜದ ಮುಂತುದಿಯಿಂದ ಬಾಲದ ಪಕ್ಕದ ಪೃಷ್ಠದ ಮೂಳೆಯ ತುದಿವರೆಗೆ. ಬಾಲದ ಬುಡಕ್ಕೆ ಹಿಡಿದರೆ ಬೇರೆಯದೇ ಲೆಕ್ಕ. ಮೂರು ಸಲ ಅಳೆದು ನಡುವಿನದು ಬರೆಯಿರಿ. ಬಟ್ಟೆಯ ಟೇಪು ಬಳಸುತ್ತ ಬಳಸುತ್ತ ಹಿಗ್ಗುತ್ತದೆ, ಆಗಾಗ ಉಕ್ಕಿನ ಪಟ್ಟಿಗೆ ಹಿಡಿದು ನೋಡಬೇಕು.

ಹೊಸ ಭಾಜಕವನ್ನು ಅದನ್ನು ತೆಗೆಯಲು ಬಳಸದ ಮೇಕೆಗಳ ಮೇಲೇ ಪರೀಕ್ಷಿಸಬೇಕು, ಇಲ್ಲದಿದ್ದರೆ ಸೂತ್ರ ತನ್ನನ್ನು ತಾನೇ ಹೊಗಳಿಕೊಂಡಂತೆ. ಜಂತುನಾಶಕದ ಲೆಕ್ಕಕ್ಕೆ ಟೇಪಿನಿಂದ ಬಂದ ತೂಕ ಬಳಸುವಾಗ ಗುಂಪಿನ ಸರಾಸರಿ ಹಿಡಿಯಬೇಡಿ. ಔಷಧಿ ಕಡಿಮೆ ಬಿದ್ದರೆ ಉಳಿದ ಹುಳು ಅದಕ್ಕೆ ಜಗ್ಗದಂತಾಗುತ್ತವೆ. ಒಂದೊಂದನ್ನೂ ತೂಗಲಾಗದಿದ್ದರೆ ಒಂದೇ ಗಾತ್ರದವನ್ನು ಗುಂಪು ಮಾಡಿ, ಅದರಲ್ಲಿ ಅತಿ ಭಾರದ ಮೇಕೆಯ ತೂಕಕ್ಕೆ ಕೊಡುವುದು. ಮರಿಗಳ ಪಟ್ಟಿ ಇನ್ನೂ ಬಾಕಿ: ಅವು ನಿಲ್ಲುವುದೇ ಇಲ್ಲ, ತಕ್ಕಡಿಯೇ ಸುಲಭ.