ಗೋಡೆಯ ತೇವಕ್ಕೆ ಬಣ್ಣ ಬಳಿದ ಮೇಲೆ

2024 ಅಕ್ಟೋಬರ್ 20, ಭಾನುವಾರ

ನಿನ್ನೆ ಸಂಜೆ ಮಾರಾಟದ ಕರಾರಿಗೆ ಸಹಿ ಬಿತ್ತು. ಮೊದಲು ಅಣ್ಣ, ಆಮೇಲೆ ನಾನು. ಮಾರ್ಚ್ ತಿಂಗಳಲ್ಲಿ ಮಾರಾಟಕ್ಕೆ ಇಟ್ಟ ಮನೆ, ಏಳು ತಿಂಗಳು ಹಿಡಿಯಿತು. ಅದರಲ್ಲಿ ನಾಲ್ಕು ತಿಂಗಳನ್ನಾದರೂ ನಾವೇ ಕೈಯಾರೆ ಕಳೆದುಕೊಂಡೆವು ಎಂದು ರಾತ್ರಿ ಮಲಗಿದ ಮೇಲೂ ಲೆಕ್ಕ ಹಾಕುತ್ತಿದ್ದೆ. ಬೆಳಿಗ್ಗೆ ಎದ್ದ ಕೂಡಲೇ ಬರೆಯಲು ಕುಳಿತಿದ್ದೇನೆ. ನನ್ನ ಗೆಳತಿ ಮುಂದಿನ ವರ್ಷ ತನ್ನ ಮನೆಯನ್ನು ಮಾರಬೇಕೆಂದಿದ್ದಾಳೆ. ಅವಳಿಗೆ ಬಾಯಿಮಾತಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ.

ಬೆಲೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಾವು ಎಡವಿದ್ದು ಅಲ್ಲಿಂದಲೇ. ಮೂವರು ದಲ್ಲಾಳಿಗಳನ್ನು ಕರೆಸಿ ಮನೆ ತೋರಿಸಿದೆವು. ಇಬ್ಬರು ಹೆಚ್ಚುಕಡಿಮೆ ಒಂದೇ ಬೆಲೆ ಹೇಳಿದರು. ಮೂರನೆಯವರು ಅದಕ್ಕಿಂತ ಶೇಕಡಾ 20ರಷ್ಟು ಹೆಚ್ಚು ಹೇಳಿದರು. ನಾವು ಮೂರನೆಯವರಿಗೇ ಕೆಲಸ ಒಪ್ಪಿಸಿದೆವು. ಹೆಚ್ಚು ಬೆಲೆ ಹೇಳಿದವರಿಗೆ ಮನೆಯ ಯೋಗ್ಯತೆ ಹೆಚ್ಚು ಗೊತ್ತು ಎಂದುಕೊಂಡೆವು. ಅಂದು ಅವರನ್ನು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು: ಈ ಬೆಲೆಗೆ ಹತ್ತಿರದ ಯಾವ ಮನೆ, ಯಾವ ತಿಂಗಳಲ್ಲಿ ನೋಂದಣಿಯಾಗಿದೆ? ನಮ್ಮ ಕಣ್ಣು ಪಕ್ಕದ ಮನೆಯವರು ಕೇಳುತ್ತಿದ್ದ ಬೆಲೆಯ ಮೇಲಿತ್ತು. ಕೇಳುವ ಬೆಲೆ ಆಸೆಯನ್ನು ಹೇಳುತ್ತದೆ, ನೋಂದಣಿಯಾದ ಬೆಲೆ ನಡೆದದ್ದನ್ನು ಹೇಳುತ್ತದೆ. ಈ ಎರಡರ ನಡುವಿನ ಅಂತರವನ್ನು ನಾವು ಮೇ ತಿಂಗಳವರೆಗೆ ಯೋಚಿಸಲೇ ಇಲ್ಲ.

ಅಣ್ಣನ ಲೆಕ್ಕ ಬೇರೆ ಇತ್ತು. ಎಂಟು ವರ್ಷಗಳ ಹಿಂದೆ ಮಹಡಿಯ ಮೇಲೆ ಒಂದು ಕೋಣೆ ಕಟ್ಟಿಸಿದ್ದ. ಅದಕ್ಕೆ ಸುರಿದ ಹಣವಷ್ಟೂ ಬೆಲೆಯಲ್ಲಿ ಸೇರಬೇಕು ಎನ್ನುತ್ತಿದ್ದ. ನನ್ನ ಮನಸ್ಸಿನಲ್ಲಿದ್ದದ್ದು ಅಪ್ಪ ತಾವೇ ನಿಂತು ಮಾಡಿಸಿದ ಪುಸ್ತಕದ ಕಪಾಟು. ಕೊಳ್ಳಲು ಬಂದವರಲ್ಲಿ ಒಬ್ಬರೂ ಆ ಕಪಾಟನ್ನು ಎರಡನೆಯ ಸಲ ತಿರುಗಿ ನೋಡಲಿಲ್ಲ. ಒಬ್ಬರಂತೂ ಅದನ್ನು ಕಿತ್ತು ತೆಗೆಯಲು ಎಷ್ಟು ಖರ್ಚಾಗಬಹುದು ಎಂದು ಕೇಳಿದರು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಇದು ನಮ್ಮಿಬ್ಬರ ದೌರ್ಬಲ್ಯ ಮಾತ್ರ ಅಲ್ಲ ಎಂದು ಆಮೇಲೆ ಓದಿ ತಿಳಿದುಕೊಂಡೆ. ಡೇನಿಯಲ್ ಕಾಹ್ನೆಮನ್, ಜ್ಯಾಕ್ ಕ್ನೆಟ್ಷ್ ಮತ್ತು ರಿಚರ್ಡ್ ಥೇಲರ್ ಎಂಬ ಮೂವರು ವಿದ್ವಾಂಸರು 1990ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ತರಗತಿಯಲ್ಲಿ ಅರ್ಧದಷ್ಟು ವಿದ್ಯಾರ್ಥಿಗಳಿಗೆ ಒಂದೊಂದು ಕಾಫಿ ಬಟ್ಟಲು ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಿದರು. ಬಟ್ಟಲು ಸಿಗದವರನ್ನು ಎಷ್ಟಕ್ಕೆ ಕೊಳ್ಳುತ್ತೀರಿ ಎಂದು ಕೇಳಿದರು. ಬಟ್ಟಲು ಇದ್ದವರು ಹೇಳಿದ ಬೆಲೆ ಇಲ್ಲದವರು ಹೇಳಿದ್ದರ ಸುಮಾರು ಎರಡರಷ್ಟಿತ್ತು. ಆಗಷ್ಟೇ ಕೈಗೆ ಬಂದ ಬಟ್ಟಲಿನ ಮೇಲೆಯೇ ಇಷ್ಟು ಮಮತೆ ಹುಟ್ಟುತ್ತದೆ. ಹುಟ್ಟಿ ಬೆಳೆದ ಮನೆಯ ವಿಷಯದಲ್ಲಿ ನಮ್ಮ ತಕ್ಕಡಿ ಎಷ್ಟು ವಾಲಿರಬೇಕು! ಅಣ್ಣನ ಹಟಕ್ಕೂ ಇಂಥದೇ ಒಂದು ಅಧ್ಯಯನ ಕನ್ನಡಿ ಹಿಡಿಯುತ್ತದೆ. ಡೇವಿಡ್ ಜೆನೆಸೋವ್ ಮತ್ತು ಕ್ರಿಸ್ಟೋಫರ್ ಮೇಯರ್ ಅವರು 1990ರ ದಶಕದ ಬಾಸ್ಟನ್ ನಗರದ ಮನೆ ಮಾರಾಟಗಳನ್ನು ಪರಿಶೀಲಿಸಿ 2001ರಲ್ಲಿ ಬರೆದದ್ದು ಅದು. ಕೊಂಡ ಬೆಲೆಗಿಂತ ಕಡಿಮೆಗೆ ಮಾರಬೇಕಾದ ಸ್ಥಿತಿಯಲ್ಲಿದ್ದವರು ಉಳಿದವರಿಗಿಂತ ಹೆಚ್ಚಿನ ಬೆಲೆ ಕೇಳುತ್ತಿದ್ದರು, ಅವರ ಮನೆಗಳು ಮಾರಾಟವಾಗದೆ ಹೆಚ್ಚು ಕಾಲ ಉಳಿಯುತ್ತಿದ್ದವು. ನಾವು ಎಷ್ಟು ಖರ್ಚು ಮಾಡಿದ್ದೆವೋ ಅದು ಕೊಳ್ಳುವವರಿಗೆ ಸಂಬಂಧಿಸಿದ ಸಂಗತಿಯೇ ಅಲ್ಲ. ಇದನ್ನು ಅಣ್ಣನಿಗೆ ಒಪ್ಪಿಸಲು ನನಗೆ ಎರಡು ತಿಂಗಳು ಬೇಕಾಯಿತು. ನಾನು ಒಪ್ಪಿಕೊಳ್ಳಲು ಅದಕ್ಕಿಂತ ಮೊದಲಿನ ಎರಡು ತಿಂಗಳು ಹಿಡಿದಿತ್ತು.

ಎರಡನೆಯ ವಾರದಲ್ಲಿಯೇ ಒಬ್ಬ ದಂಪತಿ ಬಂದಿದ್ದರು. ಮೊದಲ ಇಬ್ಬರು ದಲ್ಲಾಳಿಗಳು ಹೇಳಿದ್ದ ಬೆಲೆಯನ್ನೇ ಕೊಡುತ್ತೇವೆ ಎಂದರು. ಅಣ್ಣ, "ಇನ್ನೂ ಎರಡು ವಾರ ಕೂಡ ಆಗಿಲ್ಲ, ಅವಸರ ಏಕೆ? ಇನ್ನೂ ಬರುತ್ತಾರೆ" ಎಂದ. ನಾನೂ ತಲೆಯಾಡಿಸಿದೆ. ಮಾರುಕಟ್ಟೆಯಲ್ಲಿ ಬಹುದಿನಗಳಿಂದ ಮನೆ ಹುಡುಕುತ್ತಿರುವವರು ಹೊಸದಾಗಿ ಬಂದ ಮನೆಯನ್ನು ಮೊದಲ ವಾರಗಳಲ್ಲಿಯೇ ನೋಡಿ ಮುಗಿಸಿರುತ್ತಾರೆ ಎಂಬುದು ನಮಗೆ ತಿಳಿದಿರಲಿಲ್ಲ. ಆಮೇಲೆ ಬರುವವರು ಕೇಳುವ ಮೊದಲ ಪ್ರಶ್ನೆ ಒಂದೇ: "ಇಷ್ಟು ದಿನ ಏಕೆ ಹೋಗಿಲ್ಲ?" ಬೆಲೆಯನ್ನು ಒಮ್ಮೆ ಇಳಿಸಿದೆವು. ಮನೆ ನೋಡುವವರು ಬರಲಿಲ್ಲ. ಮತ್ತೊಮ್ಮೆ ಇಳಿಸಿದಾಗ ಬಂದವರು ಇನ್ನೂ ಇಳಿಯುತ್ತದೆಂದು ಕಾಯಲು ನಿಂತರು. ನಿನ್ನೆ ಸಹಿ ಮಾಡಿದ ಬೆಲೆ ಆ ದಂಪತಿ ಕೊಡುತ್ತೇವೆಂದದ್ದಕ್ಕಿಂತ ಶೇಕಡಾ 6ರಷ್ಟು ಕಡಿಮೆ. ಅವರು ಏಪ್ರಿಲ್‌ನಲ್ಲಿಯೇ ಬೇರೆ ಮನೆ ಕೊಂಡರು.

ದಲ್ಲಾಳಿಗಳ ಬಗ್ಗೆ ಒಂದು ಮಾತು. ನಮ್ಮ ಮೂರನೆಯ ದಲ್ಲಾಳಿ ಮೇ ತಿಂಗಳಲ್ಲಿ ಇದ್ದಕ್ಕಿದ್ದಂತೆ "ಬಂದಷ್ಟಕ್ಕೆ ಕೊಟ್ಟುಬಿಡಿ" ಎನ್ನತೊಡಗಿದರು. ನನಗೆ ಕೋಪ ಬಂದಿತ್ತು. ಆದರೆ ಅದರ ಹಿಂದಿನ ಲೆಕ್ಕ ಸರಳ. ಬೆಲೆ ಸ್ವಲ್ಪ ಹೆಚ್ಚಾದರೆ ಮಾರುವವರಿಗೆ ದೊಡ್ಡ ಮೊತ್ತ, ದಲ್ಲಾಳಿಗೆ ಅದರ ಒಂದು ಚೂರು. ಆ ಚೂರಿಗಾಗಿ ಇನ್ನೂ ಕೆಲವು ವಾರ ಓಡಾಡುವುದು ಅವರಿಗೆ ಗಿಟ್ಟುವುದಿಲ್ಲ. ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್‌ಸನ್ ಶಿಕಾಗೊ ಸುತ್ತಮುತ್ತಲಿನ ಸುಮಾರು ಒಂದು ಲಕ್ಷ ಮಾರಾಟಗಳನ್ನು ನೋಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದಲ್ಲಾಳಿಗಳು ತಮ್ಮ ಸ್ವಂತ ಮನೆಯನ್ನು ಮಾರುವಾಗ ಸುಮಾರು ಒಂಬತ್ತೂವರೆ ದಿನ ಹೆಚ್ಚು ಕಾಯುತ್ತಾರೆ ಮತ್ತು ಶೇಕಡಾ 3.7ರಷ್ಟು ಹೆಚ್ಚು ಬೆಲೆ ಪಡೆಯುತ್ತಾರೆ. ಇದರಿಂದ ದಲ್ಲಾಳಿಯೇ ಬೇಡ ಎನ್ನುವುದು ತಪ್ಪು, ನಮಗೆ ಕೊನೆಗೆ ಒಳ್ಳೆಯ ಕೊಳ್ಳುಗರನ್ನು ತಂದವರೂ ದಲ್ಲಾಳಿಯೇ. ಯಾವಾಗ ಕಾಯಬೇಕು, ಯಾವಾಗ ಕೊಡಬೇಕು ಎಂಬ ತೀರ್ಮಾನವನ್ನು ಮಾತ್ರ ಅವರ ಕೈಗೆ ಒಪ್ಪಿಸಬಾರದು.

ಈಗ ಗೋಡೆಯ ವಿಷಯ. ಇದನ್ನು ಬರೆಯಲು ನನಗೆ ಸಂಕೋಚವಿದೆ, ಆದರೂ ಬರೆಯುತ್ತೇನೆ.

ಹಿಂದಿನ ಕೋಣೆಯ ಹೊರಗೋಡೆ ಬುಡದಿಂದ ಮೊಣಕಾಲೆತ್ತರದವರೆಗೆ ತೇವ ಹಿಡಿದಿತ್ತು. ಬಣ್ಣ ಉಬ್ಬಿ, ಬಿಳಿಯ ಉಪ್ಪಿನಂಥ ಪುಡಿ ಉದುರುತ್ತಿತ್ತು. ಜೂನ್ ತಿಂಗಳಲ್ಲಿ ಅಣ್ಣನೂ ನಾನೂ ಸೇರಿ ತೀರ್ಮಾನಿಸಿದೆವು: ಕೆರೆದು ಬಣ್ಣ ಹೊಡೆಸಿಬಿಡೋಣ. ಗೋಡೆ ಹೊಳೆಯಿತು. ಜುಲೈ ತಿಂಗಳಲ್ಲಿ ಒಂದು ಕುಟುಂಬ ಎರಡನೆಯ ಸಲ ನೋಡಲು ಬಂತು, ಜೊತೆಗೆ ಒಬ್ಬ ಎಂಜಿನಿಯರ್ ಇದ್ದರು. ಅವರು ಎಲ್ಲ ಕೋಣೆಗಳನ್ನೂ ಸುತ್ತಿ, ಆ ಗೋಡೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತರು. ತೇವ ಅಳೆಯುವ ಪುಟ್ಟ ಉಪಕರಣವನ್ನು ಬುಡಕ್ಕೆ ಒತ್ತಿದರು, ಒಂದು ಅಡಿ ಮೇಲೆ ಒತ್ತಿದರು, ಸೊಂಟದ ಎತ್ತರದಲ್ಲಿ ಒತ್ತಿದರು. ಎದ್ದು ನಿಂತು, "ಈ ಗೋಡೆಗೆ ಮಾತ್ರ ಹೊಸ ಬಣ್ಣ ಏಕೆ ಹೊಡೆಸಿದ್ದೀರಿ?" ಎಂದು ಕೇಳಿದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ನಾನು ಅಣ್ಣನ ಮುಖ ನೋಡಿದೆ, ಅಣ್ಣ ನೆಲ ನೋಡಿದ.

ಆ ಕುಟುಂಬದ ಯಜಮಾನಿ ಅಲ್ಲಿಯವರೆಗೆ ಹಿತ್ತಲಿನಲ್ಲಿ ಯಾವ ಗಿಡ ನೆಡಬಹುದೆಂದು ನನ್ನೊಡನೆ ಮಾತನಾಡುತ್ತಿದ್ದವರು. ಅವರು ಈಗ ಚಾವಣಿ ಸೋರುತ್ತದೆಯೇ ಎಂದು ಕೇಳಿದರು. ಇಲ್ಲ ಎಂದೆ. ನಿಜವಾಗಿಯೂ ಸೋರುವುದಿಲ್ಲ. ವಿದ್ಯುತ್ ತಂತಿಗಳನ್ನು ಬದಲಾಯಿಸಿ ಎಷ್ಟು ವರ್ಷವಾಯಿತು ಎಂದು ಕೇಳಿದರು. ನಿಜವನ್ನೇ ಹೇಳಿದೆ. ಯಾವ ಉತ್ತರವನ್ನೂ ಅವರು ನಂಬಲಿಲ್ಲ ಎಂಬುದು ಅವರ ಕಣ್ಣಿನಲ್ಲಿಯೇ ಕಾಣುತ್ತಿತ್ತು. ಒಂದು ಗೋಡೆಯನ್ನು ಮುಚ್ಚಿಟ್ಟು ಇಡೀ ಮನೆಯ ಮೇಲಿನ ವಿಶ್ವಾಸವನ್ನು ಕಳೆದುಕೊಂಡೆವು. ಮಾರುವವನಿಗೆ ಗೊತ್ತಿರುವ ದೋಷ ಕೊಳ್ಳುವವನಿಗೆ ಗೊತ್ತಾಗದಿದ್ದರೆ, ಕೊಳ್ಳುವವನು ಎಲ್ಲವೂ ಕೆಟ್ಟದ್ದೇ ಇರಬಹುದೆಂದು ಬೆಲೆ ಕಟ್ಟುತ್ತಾನೆ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೆಯ ಕಾರುಗಳ ವ್ಯಾಪಾರವನ್ನು ಮುಂದಿಟ್ಟುಕೊಂಡು ವಿವರಿಸಿದ್ದರು. ಅದೇ ನಮ್ಮ ಹಿಂದಿನ ಕೋಣೆಯಲ್ಲಿ ಹತ್ತು ನಿಮಿಷದಲ್ಲಿ ನಡೆದುಹೋಯಿತು.

ಅವರು ಹೋದ ಮರುದಿನವೇ ಕಾರಣ ಹುಡುಕಿಸಿದೆವು. ಚಾವಣಿಯಿಂದ ಇಳಿಯುವ ನೀರಿನ ಕೊಳವೆ ಕೆಳಗಿನ ತಿರುವಿನಲ್ಲಿ ಒಡೆದಿತ್ತು. ಮಳೆ ಬಂದಾಗಲೆಲ್ಲ ನೀರು ನೇರವಾಗಿ ಗೋಡೆಯ ಬುಡಕ್ಕೆ ಸುರಿಯುತ್ತಿತ್ತು. ಇಟ್ಟಿಗೆ ಮತ್ತು ಗಾರೆಯ ಸೂಕ್ಷ್ಮ ರಂಧ್ರಗಳು ಆ ನೀರನ್ನು ದೀಪದ ಬತ್ತಿ ಎಣ್ಣೆಯನ್ನು ಎಳೆಯುವಂತೆ ಮೇಲಕ್ಕೆ ಎಳೆಯುತ್ತವೆ. ನೀರು ಆವಿಯಾಗಿ ಹೋಗುತ್ತದೆ, ಅದರಲ್ಲಿ ಕರಗಿದ್ದ ಲವಣ ಮೇಲ್ಮೈಯಲ್ಲಿ ಬಿಳಿಯ ಪುಡಿಯಾಗಿ ಉಳಿಯುತ್ತದೆ. ಮೇಲೆ ಎಷ್ಟು ಬಣ್ಣ ಬಳಿದರೂ ಒಳಗಿನ ನೀರಿಗೆ ಅದು ಲೆಕ್ಕಕ್ಕಿಲ್ಲ. ಕೊಳವೆ ಬದಲಾಯಿಸಿ, ನೀರು ಮನೆಯಿಂದ ದೂರ ಹರಿಯುವಂತೆ ಇಳಿಜಾರು ಮಾಡಿಸಿ, ಒಂದು ಮೀಟರ್ ಎತ್ತರದವರೆಗೆ ಹಳೆಯ ಗಾರೆಯನ್ನು ಕೆಡವಿ, ಗೋಡೆಯನ್ನು ವಾರಗಟ್ಟಲೆ ತೆರೆದಿಟ್ಟು ಒಣಗಿಸಿ, ಆಮೇಲೆ ಗಾರೆ ಮಾಡಿಸಿದೆವು. ಪ್ರತಿ ಹಂತದಲ್ಲಿಯೂ ಮೊಬೈಲಿನಲ್ಲಿ ಚಿತ್ರ ತೆಗೆದೆ. ಚಿತ್ರಗಳು, ರಸೀದಿಗಳು, ಕೆಲಸ ಮಾಡಿದವರ ವಿವರ ಎಲ್ಲವನ್ನೂ ಒಂದು ಕಡತದಲ್ಲಿ ಸೇರಿಸಿ ನಡುಮನೆಯ ಮೇಜಿನ ಮೇಲಿಟ್ಟೆ. ಸೆಪ್ಟೆಂಬರಿನಲ್ಲಿ ಬಂದವರು ಆ ಕಡತವನ್ನು ನಿಧಾನವಾಗಿ ಓದಿದರು, ಎರಡು ಪ್ರಶ್ನೆ ಕೇಳಿದರು, ಗೋಡೆ ಮುಟ್ಟಿ ನೋಡಿದರು. ಆ ದೋಷಕ್ಕೆಂದು ಬೆಲೆಯಲ್ಲಿ ಅವರು ಏನನ್ನೂ ಕಡಿಮೆ ಮಾಡಲಿಲ್ಲ.

ಮನೆ ತೋರಿಸುವಾಗ ನಾನು ಮಾಡಿದ ತಪ್ಪು ಮಾತಿನದು. ಬಂದವರ ಹಿಂದೆಯೇ ತಿರುಗುತ್ತ, ಯಾವ ಕಿಟಕಿಯ ಬಳಿ ಅಮ್ಮ ಕೂರುತ್ತಿದ್ದರು ಎಂಬುದರಿಂದ ಹಿಡಿದು ಎಲ್ಲವನ್ನೂ ಹೇಳುತ್ತಿದ್ದೆ. ಅವರಿಗೆ ಕಪಾಟಿನ ಬಾಗಿಲು ತೆರೆದು ನೋಡಲೂ ಮುಜುಗರವಾಗುತ್ತಿತ್ತು. ಒಂದು ದಿನ ಮಾತಿನ ಭರದಲ್ಲಿ, "ಅಣ್ಣನಿಗೆ ವರ್ಗವಾಗಿದೆ, ಅಷ್ಟರೊಳಗೆ ಮುಗಿಯಬೇಕು" ಎಂದುಬಿಟ್ಟೆ. ಮರುದಿನ ಆ ಜನ ಕೇಳಿದ ಬೆಲೆಯಲ್ಲಿಯೇ ನನ್ನ ಆ ವಾಕ್ಯದ ತೂಕ ಗೊತ್ತಾಯಿತು. ನಮ್ಮ ಅವಸರ ನಮ್ಮೊಳಗೇ ಇರಬೇಕು. ಅತ್ತಿಗೆ ಇನ್ನೊಂದು ಸಂಗತಿ ಹಿಡಿದರು: "ಈ ಮನೆಗೊಂದು ಮುಗ್ಗಲು ವಾಸನೆ ಇದೆ, ನಿಮ್ಮಿಬ್ಬರಿಗೂ ಗೊತ್ತಾಗುತ್ತಿಲ್ಲ." ದಿನವೂ ಉಸಿರಾಡುವ ವಾಸನೆಗೆ ಮೂಗು ಒಗ್ಗಿಹೋಗಿರುತ್ತದೆ. ಹೊರಗಿನವರನ್ನು ಕರೆದು ಕೇಳುವುದೊಂದೇ ದಾರಿ. ಹಳೆಯ ಹಾಸಿಗೆಗಳನ್ನೂ ಪರದೆಗಳನ್ನೂ ಹೊರಹಾಕಿದ ಮೇಲೆ ವಾಸನೆ ಹೋಯಿತು, ಕೋಣೆಗಳೂ ದೊಡ್ಡದಾಗಿ ಕಂಡವು. ಆಗಲೇ ಹಗಲು ಬೆಳಕಿನಲ್ಲಿ ಚಿತ್ರಗಳನ್ನು ಹೊಸದಾಗಿ ತೆಗೆಸಿದೆವು, ಮೊದಲಿನವು ರಾತ್ರಿ ದೀಪದಲ್ಲಿ ತೆಗೆದವಾಗಿದ್ದವು.

ಕಾಗದಪತ್ರಗಳನ್ನು ಮನೆ ಮಾರಾಟಕ್ಕೆ ಇಡುವ ಮೊದಲೇ ನೋಡಬೇಕು, ಕೊಳ್ಳುವವರು ಸಿಕ್ಕ ಮೇಲೆ ಅಲ್ಲ. ಅಪ್ಪ ತೆಗೆದ ಸಾಲ ಎಂದೋ ತೀರಿತ್ತು, ಅಡಮಾನದ ನಮೂದು ಮಾತ್ರ ದಾಖಲೆಯಲ್ಲಿ ಹಾಗೆಯೇ ಉಳಿದಿತ್ತು. ಸಾಲ ತೀರಿದ ಪತ್ರ ತಂದು ಅದನ್ನು ತೆಗೆಸಲು ಐದು ವಾರ ಹಿಡಿಯಿತು. ಮಹಡಿಯ ಕೋಣೆಗೆ ಅನುಮತಿ ಪಡೆದ ಪತ್ರ ಅಣ್ಣನ ಬಳಿ ಇತ್ತು, ಅದೊಂದು ಪುಣ್ಯ. ಮೂಲಪತ್ರಗಳನ್ನು ಯಾರ ಕೈಗೂ ಕೊಡದೆ ಪ್ರತಿಗಳನ್ನಷ್ಟೇ ಕೊಟ್ಟೆವು. ಕರಾರನ್ನು ನಮ್ಮ ಕಡೆಯ ವಕೀಲರಿಗೆ ಓದಿಸಿದ ಮೇಲೆಯೇ ಸಹಿ ಮಾಡಿದೆವು. ಹಣ ಪೂರ್ತಿ ಖಾತೆಗೆ ಬಂದ ಮೇಲೆ ಕೀಲಿಕೈ ಎಂದು ಅದರಲ್ಲಿಯೇ ಬರೆಸಿದ್ದೇವೆ.

ಸೆಪ್ಟೆಂಬರಿನಲ್ಲಿ ಇಬ್ಬರು ಒಟ್ಟಿಗೆ ಮುಂದೆ ಬಂದರು. ಒಬ್ಬರು ಹೆಚ್ಚು ಕೊಡುತ್ತೇವೆಂದರು, ಆದರೆ ಮೊದಲು ಅವರ ಮನೆ ಮಾರಾಟವಾಗಬೇಕಿತ್ತು, ಸಾಲಕ್ಕೆ ಇನ್ನೂ ಅರ್ಜಿ ಹಾಕಿರಲಿಲ್ಲ. ಇನ್ನೊಬ್ಬರದು ಸ್ವಲ್ಪ ಕಡಿಮೆ, ಸಾಲ ಮಂಜೂರಾದ ಪತ್ರ ಕೈಯಲ್ಲಿತ್ತು. ಅಣ್ಣ ಎರಡನ್ನೂ ಪಕ್ಕಪಕ್ಕ ಬರೆದು ಬಹಳ ಹೊತ್ತು ನೋಡಿದ. "ಮಾರ್ಚ್ ತಿಂಗಳಾಗಿದ್ದರೆ ನಾನು ಮೊದಲನೆಯವರನ್ನೇ ಆರಿಸುತ್ತಿದ್ದೆ" ಎಂದು ಹೇಳಿ ಎರಡನೆಯವರಿಗೆ ಫೋನ್ ಮಾಡಿದ.

ನಿನ್ನೆ ಕೊನೆಯ ಗಳಿಗೆಯಲ್ಲಿ ಒಂದು ಗೊಂದಲವಾಯಿತು. ಗೋಡೆಗೆ ಕೂರಿಸಿರುವ ಅಮ್ಮನ ದೊಡ್ಡ ಕನ್ನಡಿ ಮನೆಯ ಜೊತೆಗೆ ಬರುತ್ತದೆಂದು ಅವರು ತಿಳಿದಿದ್ದರು. ನಾವು ಒಯ್ಯುತ್ತೇವೆಂದು ನಾವು ತಿಳಿದಿದ್ದೆವು. ಏನೇನು ಉಳಿಯುತ್ತದೆ, ಏನೇನು ಹೋಗುತ್ತದೆ ಎಂದು ಪಟ್ಟಿ ಮಾಡಿರಲಿಲ್ಲ. ಅಲ್ಲಿಯೇ ಕುಳಿತು ಪಟ್ಟಿ ಬರೆದೆವು. ಕನ್ನಡಿ ನಮ್ಮದಾಯಿತು, ನೀರು ಕಾಯಿಸುವ ಯಂತ್ರವೂ ಪುಸ್ತಕದ ಕಪಾಟೂ ಅವರದಾದವು. ಅವರ ಮಗಳು ಕಪಾಟಿನ ಕೆಳಗಿನ ಅರೆಯಲ್ಲಿ ಕುಳಿತು ನೋಡಿದಳು, ಅವಳಿಗೆ ಸರಿಯಾಗಿ ಹಿಡಿಸುತ್ತದೆ.

ಮಧ್ಯಾಹ್ನ ಅವರಿಗಾಗಿ ಒಂದು ಹಾಳೆ ಬರೆದು ಗೋಡೆಯ ಕಡತದ ಮೇಲಿಟ್ಟಿದ್ದೇನೆ. ನೀರಿನ ಮುಖ್ಯ ನಲ್ಲಿ ಮೆಟ್ಟಿಲಿನ ಕೆಳಗಿದೆ, ಎಡಕ್ಕೆ ತಿರುಗಿಸಿದರೆ ತೆರೆಯುತ್ತದೆ. ಹಿಂದಿನ ಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿ ಬೀಗ ಹಾಕಬೇಕು. ಮಳೆಗಾಲಕ್ಕೆ ಮೊದಲು ಚಾವಣಿಯ ಕೊಳವೆಯ ಬಾಯಿಯಲ್ಲಿ ಸೇರಿದ ಎಲೆಗಳನ್ನು ತಪ್ಪದೆ ತೆಗೆಯಿರಿ, ಏಣಿಯನ್ನು ನಿಮಗಾಗಿ ಬಿಟ್ಟು ಹೋಗುತ್ತಿದ್ದೇವೆ.