ಬರಿ, ಮೂಳೆ, ಡಿಎನ್‌ಎ: ಕುಟುಂಬದ ಮೂಲ ಲ್ಯಾಬಿನಲ್ಲಿ ಸಿಗುತ್ತದಾ?

ಮಂಗಳೂರು, ಉಡುಪಿ ಕಡೆ ಪ್ರಾಚೀನ ಡಿಎನ್‌ಎ, ಅಂದರೆ ಹಳೆ ಮೂಳೆಯಿಂದ ತೆಗೆದ ಡಿಎನ್‌ಎ ವಿಷಯ ಎತ್ತಿದರೆ ಮೊದಲು ಬರುವ ಪ್ರಶ್ನೆ ಹರಪ್ಪದ್ದಲ್ಲ. "ನಮ್ಮ ಕುಟುಂಬದ ಮೂಲ ಎಲ್ಲಿ ಅಂತ ಅದರಲ್ಲಿ ಗೊತ್ತಾಗುತ್ತದಾ?" ಇದೇ ಪ್ರಶ್ನೆ, ಪ್ರತಿ ಸಲ. ಯಾಕೆ ಕೇಳುತ್ತಾರೆ ಅನ್ನುವುದು ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕುಟುಂಬದ ನಾಗನಿರುವ ಮೂಲ ನಾಗಬನ ಹುಡುಕಿ, ಜ್ಯೋತಿಷಿಗಳಲ್ಲಿ ಅಷ್ಟಮಂಗಲ ಪ್ರಶ್ನೆ ಇಟ್ಟು, ಮೂರು ಕಡೆ ಮೂರು ಊರಿನ ಹೆಸರು ಕೇಳಿಸಿಕೊಂಡು ಸುಸ್ತಾದವರಿಗೆ ಲ್ಯಾಬಿನವರಾದರೂ ಒಂದು ಕೊನೆಯ ಮಾತು ಹೇಳಲಿ ಅಂತ ಆಸೆ.

ಉತ್ತರ ಇಷ್ಟು. ಎರಡು ಮನೆಯವರಿಗೆ ತಾಯಿಯ ಕಡೆಯಿಂದ ಸಂಬಂಧ ಇಲ್ಲ ಅನ್ನುವುದಾದರೆ ಡಿಎನ್‌ಎ ಖಡಾಖಂಡಿತವಾಗಿ ಹೇಳುತ್ತದೆ. ಇದೆ ಅನ್ನುವಾಗ ತಡವರಿಸುತ್ತದೆ. ಊರಿನ ಹೆಸರನ್ನಂತೂ ಹೇಳುವುದೇ ಇಲ್ಲ. ಇನ್ನು ಹಳೆ ಮೂಳೆಗಳ ಮಾತು: ನಮ್ಮ ಕೆಂಪು ಮಣ್ಣು ಅವನ್ನು ಉಳಿಸಿಕೊಟ್ಟರೆ ತಾನೇ?

ಬರಿಯಿಂದಲೇ, ಅಂದರೆ ತಾಯಿಯ ಕಡೆಯಿಂದ ಬರುವ ಕುಲದ ಹೆಸರಿನಿಂದಲೇ ಶುರು ಮಾಡೋಣ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನಲ್ಲಿ (ಅಳಿಯಸಂತಾನ ಪದ್ಧತಿ) ಬಂಗೇರ ಬರಿಯ ಹೆಂಗಸಿನ ಮಕ್ಕಳೆಲ್ಲ ಬಂಗೇರರೇ, ಗಂಡ ಕುಂದರ್ ಆಗಲಿ ಸಾಲಿಯಾನ್ ಆಗಲಿ. ಮಗನೂ ಬಂಗೇರನೇ, ಆದರೆ ಅವನ ಮಕ್ಕಳು ಅವರ ತಾಯಿಯ ಬರಿಗೆ ಸೇರಿದರು. ಜೀವಕೋಶದೊಳಗಿನ ಪುಟ್ಟ ಅಂಗವಾದ ಮೈಟೊಕಾಂಡ್ರಿಯದ ಡಿಎನ್‌ಎ ನಡೆಯುವ ದಾರಿ ಇದಕ್ಕಿಂತ ಒಂದು ಹೆಜ್ಜೆಯೂ ಆಚೀಚೆ ಇಲ್ಲ. ಅದು 16,569 ಅಕ್ಷರಗಳ (ಡಿಎನ್‌ಎಯ ಒಂದೊಂದು ಘಟಕವೂ ಒಂದು ಅಕ್ಷರ) ಒಂದು ಬಳೆ. ತಾಯಿ ಆ ಬಳೆಯನ್ನು ಮಗಳಿಗೂ ಕೊಡುತ್ತಾಳೆ, ಮಗನಿಗೂ ಕೊಡುತ್ತಾಳೆ. ಮಗ ಮುಂದೆ ದಾಟಿಸುವುದಿಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಲ್ಲಿ 'ಕವರು' ಅಂತ ಒಂದು ಮಾತಿದೆ: ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣು ಸಂತತಿಯಲ್ಲಿ ಇಳಿದು ಬಂದವರೆಲ್ಲ. ಜೀವಶಾಸ್ತ್ರದವರನ್ನು ಕೇಳದೆಯೇ ಕಾನೂನಿನವರು ಮೈಟೊಕಾಂಡ್ರಿಯದ ವ್ಯಾಖ್ಯೆ ಬರೆದಿಟ್ಟಿದ್ದಾರೆ. ಅಪ್ಪನ ಕಡೆಯಿಂದ ವಂಶ ಎಣಿಸುವ ಮಕ್ಕಳಕಟ್ಟಿನವರ ಗೋತ್ರಕ್ಕೆ ಜೋಡಿಯಾಗುವುದು ವೈ ಕ್ರೋಮೋಸೋಮ್, ಅಪ್ಪನಿಂದ ಮಗನಿಗೆ ಮಾತ್ರ ಹೋಗುವಂಥದ್ದು.

ಹಾಗಾದರೆ ಒಂದೇ ಬರಿಯ ಎರಡು ಮನೆಯವರು ಪರೀಕ್ಷೆ ಮಾಡಿಸಿದರೆ ಮುಗಿಯಿತಲ್ಲ? ಇಲ್ಲಿ ಮೂರು ಕಡೆ ಕಾಲು ಜಾರುತ್ತದೆ.

ಮೊದಲನೆಯದು ಸರ್‌ನೇಮ್. ಈಗ ಎಷ್ಟೋ ಮನೆಗಳಲ್ಲಿ ಮಕ್ಕಳ ದಾಖಲೆಗೆ ಅಪ್ಪನ ಬರಿಯೇ ಹೋಗಿದೆ. ಹಾಗಾಗಿ ಆಧಾರ್ ಕಾರ್ಡಿನ ಹೆಸರು ನೋಡಿ ಜೊಲ್ಲು ಕೊಟ್ಟರೆ ಪ್ರಯೋಜನವಿಲ್ಲ. ಅಮ್ಮ, ಅಮ್ಮನ ಅಮ್ಮ, ಅವಳ ಅಮ್ಮ ಅಂತ ಸಿಕ್ಕಷ್ಟು ಮೇಲಕ್ಕೆ ಹೋಗಿ ಬರಿ ಖಚಿತ ಮಾಡಿಕೊಂಡೇ ಮಾದರಿ ಕೊಡಬೇಕು. ಎರಡನೆಯದು ಪರೀಕ್ಷೆಯ ಬಗೆ. ಅಗ್ಗದ ಕಿಟ್‌ಗಳು ಬಳೆಯ ಆಯ್ದ ಕೆಲವು ಅಕ್ಷರ ಮಾತ್ರ ಓದಿ ಒಂದು ದೊಡ್ಡ ಗುಂಪಿನ ಹೆಸರು ಹೇಳುತ್ತವೆ. ನಿಮಗೂ ನಿಮ್ಮ ಪಕ್ಕದ ಮನೆಯವರಿಗೂ ಎರಡೂ ಕಡೆ 'ಎಂ' ಗುಂಪು ಅಂತ ಬಂದರೆ ಹಿಗ್ಗಬೇಡಿ, ಭಾರತದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದೇ ಗುಂಪು. ಪೂರ್ತಿ 16,569 ಅಕ್ಷರ ಓದಿಸಬೇಕು. ಮೂರನೆಯದೇ ನಿಜವಾದ ತೊಡಕು. ಈ ಬಳೆಯಲ್ಲಿ ಒಂದು ಅಕ್ಷರ ಬದಲಾಗುವುದಕ್ಕೆ ಸರಾಸರಿ ಮೂರೂವರೆ ಸಾವಿರ ವರ್ಷ ಹಿಡಿಯುತ್ತದೆ. ಎರಡು ಮನೆಯವರ ಬಳೆ ಪೂರ್ತಾ ಒಂದೇ ಅಂತ ಬಂದರೂ ಇಬ್ಬರಿಗೂ ಸೇರಿದ ಆ ಅಜ್ಜಿ ಇನ್ನೂರು ವರ್ಷದ ಹಿಂದಿನವಳೋ, ಎರಡು ಸಾವಿರ ವರ್ಷದ ಹಿಂದಿನವಳೋ ಗೊತ್ತಾಗುವುದಿಲ್ಲ. ಬೇರೆ ಬೇರೆ ಗುಂಪು ಬಂದರೆ ಮಾತ್ರ ಮಾತು ಮುಗಿಯಿತು: ಸಾವಿರಾರು ವರ್ಷದಲ್ಲಿ ತಾಯಿಯ ಕಡೆಯಿಂದ ಸಂಬಂಧವಿಲ್ಲ.

ಮುಗಿಯಿತು ಅಂದರೂ ಮುಗಿಯುವುದಿಲ್ಲ. ಹೆಣ್ಣು ಸಂತತಿ ಇಲ್ಲದೆ ಕುಟುಂಬ ಅಳಿಯುತ್ತದೆ ಅನ್ನುವಾಗ ಹೆಣ್ಣುಮಗುವನ್ನು ದತ್ತು ತೆಗೆದುಕೊಳ್ಳುವ ಪದ್ಧತಿ ಅಳಿಯಕಟ್ಟಿನಲ್ಲಿ ಇತ್ತು. ಆ ಮಗುವಿನ ಸಂತತಿಗೆ ಅದೇ ಬರಿ, ಅದೇ ಭೂತ, ಅದೇ ನಾಗ. ಮೈಟೊಕಾಂಡ್ರಿಯ ಮಾತ್ರ ಬೇರೆ. ಲ್ಯಾಬ್ ವರದಿ ಹಿಡಿದುಕೊಂಡು "ನೀವು ನಮ್ಮ ಕುಟುಂಬದವರೇ ಅಲ್ಲ" ಅನ್ನುವವರು ದತ್ತು ಅನ್ನುವ ಮಾತನ್ನೇ ಮರೆತಿರುತ್ತಾರೆ.

ಹಳೆ ಮೂಳೆಯನ್ನೂ ಬದುಕಿರುವವರನ್ನೂ ಜೋಡಿಸಿ ವಂಶ ನೋಡಿದ ಪ್ರಸಿದ್ಧ ಉದಾಹರಣೆ ಇಂಗ್ಲೆಂಡಿನ ದೊರೆ ಮೂರನೇ ರಿಚರ್ಡ್. 1485ರಲ್ಲಿ ಯುದ್ಧದಲ್ಲಿ ಸತ್ತವನು; 2012ರಲ್ಲಿ ಲೆಸ್ಟರ್ ನಗರದ ಕಾರ್ ಪಾರ್ಕಿಂಗ್ ಅಗೆದಾಗ ಅಸ್ಥಿಪಂಜರ ಸಿಕ್ಕಿತು. ಅವನ ಅಕ್ಕನ ಹೆಣ್ಣು ಸಂತತಿಯಲ್ಲಿ ಇಳಿದು ಬಂದ ಇಬ್ಬರ ಮೈಟೊಕಾಂಡ್ರಿಯ ಆ ಮೂಳೆಯದ್ದಕ್ಕೆ ತಾಳೆಯಾಯಿತು. ಗಂಡು ಸಂತತಿಯವರೆಂದು ದಾಖಲೆಯಲ್ಲಿದ್ದ ಐವರ ವೈ ಕ್ರೋಮೋಸೋಮ್ ತಾಳೆಯಾಗಲಿಲ್ಲ. ನಡುವೆ ಎಲ್ಲೋ ಒಂದು ಕಡೆಯಾದರೂ, ದಾಖಲೆಯ ಅಪ್ಪ ನಿಜದ ಅಪ್ಪನಲ್ಲ. ಅಳಿಯಕಟ್ಟು ಮಾಡಿಕೊಂಡವರ ಲೆಕ್ಕಾಚಾರ ಏನಿತ್ತೋ ತಿಳಿಯದು, ತಾಯಿ ಯಾರು ಅನ್ನುವುದಕ್ಕೆ ಸಾಕ್ಷಿ ಬೇಕಿಲ್ಲ ಅನ್ನುವುದನ್ನಂತೂ ಅವರಿಗೆ ಯಾರೂ ಕಲಿಸಬೇಕಿರಲಿಲ್ಲ.

ಗಮನಿಸಿ, ಅಲ್ಲಿ ಅಕ್ಕನ ಹೆಣ್ಣು ಸಂತತಿಯ ದಾಖಲೆ ಕೈಯಲ್ಲಿತ್ತು. ದಾಖಲೆ ಇಲ್ಲದೆ ಡಿಎನ್‌ಎ ಒಂದೇ ಆಗಿದ್ದರೆ 'ಇರಬಹುದು' ಅನ್ನುವಲ್ಲಿಗೆ ನಿಲ್ಲುತ್ತಿತ್ತು. ಇನ್ನೊಂದು ಲೆಕ್ಕ: ಹತ್ತು ತಲೆಮಾರು ಹಿಂದೆ ಹೋದರೆ ನಿಮಗೆ 1,024 ಮಂದಿ ಪೂರ್ವಜರ ಸ್ಥಾನ. ಬರಿ ಹೇಳುವುದು ಅದರಲ್ಲಿ ಒಬ್ಬಳನ್ನು. ಉಳಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಡಿಎನ್‌ಎ ತುಣುಕು ಒಂದೂ ನಿಮ್ಮ ಮೈಯಲ್ಲಿ ಉಳಿದಿರುವುದಿಲ್ಲ.

ಈಗ ಮೂಳೆ. ಲ್ಯಾಬಿಗೆ ಬೇಕಾದದ್ದು ತೊಡೆಮೂಳೆಯಲ್ಲ, ಕಿವಿಯ ಹಿಂದೆ ತಲೆಬುರುಡೆಯ ಒಳಗಿರುವ ಗಟ್ಟಿ ತುಣುಕು, ಒಳಕಿವಿಯನ್ನು ಮುಚ್ಚಿಕೊಂಡಿರುವುದು. ಇಡೀ ದೇಹದಲ್ಲಿ ಅಷ್ಟು ಸಾಂದ್ರವಾದ ಮೂಳೆ ಇನ್ನೊಂದಿಲ್ಲ. ಅದು ಸಿಗದಿದ್ದರೆ ಹಲ್ಲು. ಹೊರಗಿನ ಗಾಳಿ ಒಳಗೆ ಬಾರದ ಕೋಣೆ, ಬ್ಲೀಚ್, ಅಲ್ಟ್ರಾವಯಲೆಟ್ ದೀಪ, ಮೈತುಂಬಾ ಸೂಟು, ಎರಡು ಜೊತೆ ಗ್ಲೌಸ್. ಡ್ರಿಲ್ಲನ್ನು ನಿಧಾನಕ್ಕೆ ತಿರುಗಿಸುತ್ತಾರೆ, ವೇಗ ಹೆಚ್ಚಾದರೆ ಬಿಸಿಗೆ ಡಿಎನ್‌ಎ ಹಾಳು. ಬೇಕಾಗುವ ಪುಡಿ 50 ಮಿಲಿಗ್ರಾಂ, ಎರಡು ಮೂರು ಅಕ್ಕಿಕಾಳಿನ ತೂಕ. ಅದನ್ನು ಇಡಿಟಿಎ ಮತ್ತು ಪ್ರೋಟೀನೇಸ್ ಕೆ ದ್ರಾವಣದಲ್ಲಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ತಿರುಗಿಸುತ್ತಾರೆ. ಇಡಿಟಿಎ ಸುಣ್ಣದಂಶ ಬಿಡಿಸುತ್ತದೆ, ಪ್ರೋಟೀನೇಸ್ ಮೂಳೆಯ ಪ್ರೋಟೀನು ಕರಗಿಸುತ್ತದೆ. ಗ್ವಾನಿಡಿನ್ ಲವಣ ಹಾಕಿದರೆ ಡಿಎನ್‌ಎ ಸಿಲಿಕಾಕ್ಕೆ ಅಂಟುತ್ತದೆ, ಉಳಿದದ್ದನ್ನು ತೊಳೆದು ಬಿಡುತ್ತಾರೆ. ಸಿಗುವುದು ಕೆಲವೇ ಹನಿ.

ಆ ಹನಿಯಲ್ಲಿ ಹೆಚ್ಚಿನದು ಮನುಷ್ಯನದ್ದಲ್ಲ, ಮಣ್ಣಿನ ಬ್ಯಾಕ್ಟೀರಿಯದ್ದು. ಮನುಷ್ಯನ ಪಾಲು ನೂರಕ್ಕೆ ಒಂದಕ್ಕಿಂತ ಕಡಿಮೆ ಇರುವುದೂ ಉಂಟು. ತುಣುಕುಗಳೂ ಚೂರುಚೂರು, 30ರಿಂದ 70 ಅಕ್ಷರ. ಇನ್ನೊಂದು ಭಯ, ಅದು ಸತ್ತವರದ್ದೋ, ಅಗೆದವರದ್ದೋ, ಮ್ಯೂಸಿಯಂನಲ್ಲಿ ಬರಿಗೈಯಲ್ಲಿ ಹಿಡಿದು ನೋಡಿದವರದ್ದೋ? ಇದನ್ನು ಗುರುತಿಸಿಕೊಡುವುದು ಡಿಎನ್‌ಎ ಹಾಳಾದ ರೀತಿಯೇ. ಹಳೆ ಡಿಎನ್‌ಎಯ ತುದಿಗಳಲ್ಲಿ ಸೈಟೋಸಿನ್ (ಸಿ ಅನ್ನುವ ಅಕ್ಷರ) ಕೆಟ್ಟು, ಓದುವಾಗ ಸಿ ಇರಬೇಕಾದಲ್ಲಿ ಟಿ ಬರುತ್ತದೆ. ತುದಿಯಲ್ಲಿ ಈ ತಪ್ಪು ಹೆಚ್ಚಿದ್ದು ಒಳಗೆ ಹೋದಂತೆ ಕಡಿಮೆಯಾದರೆ ಸರಕು ಹಳೆಯದು. ತಪ್ಪೇ ಇಲ್ಲದ ನೀಟಾದ ಡಿಎನ್‌ಎ ಬಂದರೆ ಅದೇ ಅನುಮಾನದ್ದು. ಗಂಡಸಿನ ಮೂಳೆಯಾದರೆ ಇನ್ನೊಂದು ಪರೀಕ್ಷೆಯಿದೆ: ಅವನಿಗೆ ಎಕ್ಸ್ ಕ್ರೋಮೋಸೋಮ್ ಒಂದೇ, ಅದರಲ್ಲಿ ಒಂದೇ ಜಾಗಕ್ಕೆ ಎರಡು ಬಗೆಯ ಅಕ್ಷರ ಕಾಣಿಸಿದರೆ ಬೇರೆಯವರದ್ದು ಬೆರೆತಿದೆ. ಮೂಳೆಪುಡಿ ಹಾಕದ ಖಾಲಿ ಟ್ಯೂಬ್ ಒಂದನ್ನೂ ಪ್ರತಿ ಸಲ ಜೊತೆಗೆ ನಡೆಸುತ್ತಾರೆ. ಅದರಲ್ಲಿ ಮನುಷ್ಯನ ಡಿಎನ್‌ಎ ಬಂದರೆ ಆ ಇಡೀ ಬ್ಯಾಚಿನ ಮೇಲೆ ಅನುಮಾನ.

ಇಷ್ಟೆಲ್ಲ ಮಾಡಿಯೂ ಎಷ್ಟು ಸಿಗುತ್ತದೆ ಅನ್ನುವುದಕ್ಕೆ ಹರಿಯಾಣದ ರಾಖೀಗಢಿ ನೋಡಿ. 61 ಮೂಳೆ ಮಾದರಿ ಪರೀಕ್ಷಿಸಿ ಉಪಯೋಗಕ್ಕೆ ಬಂದದ್ದು ಒಬ್ಬ ಹೆಂಗಸಿನದ್ದು. ಅವಳ ಡಿಎನ್‌ಎಯಲ್ಲೂ ನೋಡಬೇಕಿದ್ದ ಸುಮಾರು 12 ಲಕ್ಷ ಜಾಗಗಳಲ್ಲಿ 31,760 ಮಾತ್ರ ಓದಲು ಸಿಕ್ಕಿತು. 2019ರಲ್ಲಿ ಪ್ರಕಟವಾದ ಆ ಒಂದು ಜೀನೋಮಿನಲ್ಲಿ (ಒಬ್ಬರ ಒಟ್ಟು ಡಿಎನ್‌ಎ) ಮಧ್ಯ ಏಷ್ಯಾದ ಹುಲ್ಲುಗಾವಲಿನ ಪಶುಪಾಲಕರ ಅಂಶ ಕಾಣಲಿಲ್ಲ. ಇರಾನಿನ ಕಡೆಯವರಿಗೆ ನಂಟಿರುವ ಒಂದು ಅಂಶ ಮತ್ತು ಇಲ್ಲಿಯ ಬೇಟೆಗಾರರ ಅಂಶ ಇತ್ತು. ಒಬ್ಬಳ ಮೇಲೆ ಎಷ್ಟು ಭಾರ ಹೇರಿದ್ದಾರೆ ಅಂತ ಟೀವಿ ಚರ್ಚೆ ನೋಡಿದವರಿಗೆ ಗೊತ್ತು.

ಅದು ಒಣ ಹರಿಯಾಣ. ನಮ್ಮಲ್ಲಿ? ನ್ಯೂಜಿಲೆಂಡಿನ ಮೋವಾ ಹಕ್ಕಿಯ ಮೂಳೆಗಳಲ್ಲಿ ಲೆಕ್ಕ ಹಾಕಿದಾಗ, 13 ಡಿಗ್ರಿ ಉಷ್ಣತೆಯಲ್ಲಿ ಮೈಟೊಕಾಂಡ್ರಿಯದ 242 ಅಕ್ಷರದ ತುಣುಕುಗಳಲ್ಲಿ ಅರ್ಧ ಮುರಿಯಲು 521 ವರ್ಷ ಬೇಕಾಯಿತು. ಕರಾವಳಿಯ ಸರಾಸರಿ ಉಷ್ಣತೆ ಅದರ ಎರಡರಷ್ಟು, ಮುರಿಯುವ ವೇಗ ಎರಡಕ್ಕಿಂತ ಎಷ್ಟೋ ಪಟ್ಟು. ಮೇಲಿಂದ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸಿನ ಮಳೆ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲು) ಮಣ್ಣು ಹುಳಿ, ಮೂಳೆಯ ಖನಿಜ ಹುಳಿಯಲ್ಲಿ ಕರಗುತ್ತದೆ. ಮೂಡುಬಿದಿರೆ ಹತ್ತಿರದ ಮೂಡುಕೊಣಾಜೆಯಂಥ ಕಲ್ಮನೆ ಸಮಾಧಿಗಳಲ್ಲಿ ಮಣ್ಣಿನ ಬೊಂಬೆ ಉಳಿಯುತ್ತದೆ, ಮೂಳೆ ಸಿಕ್ಕರೆ ಸವೆದ ಚೂರು. ಸುಟ್ಟ ಮೂಳೆಯಿಂದಂತೂ ನಿರೀಕ್ಷೆಯೇ ಬೇಡ.

ಹಾಗಂತ ಅಳಿಯಕಟ್ಟಿನಂಥದ್ದನ್ನು ಹಳೆ ಸಮಾಧಿಗಳಲ್ಲಿ ಗುರುತಿಸಲು ಆಗುವುದೇ ಇಲ್ಲ ಅಂತಲ್ಲ. ಚೀನಾದ ಶಾಂಡಾಂಗ್ ಪ್ರಾಂತದ ಫುಜಿಯಾ ಅನ್ನುವಲ್ಲಿ ಸುಮಾರು 4,500 ವರ್ಷ ಹಳೆಯ ಎರಡು ಸ್ಮಶಾನಗಳಿವೆ. ಉತ್ತರದ್ದರಲ್ಲಿ ಪರೀಕ್ಷಿಸಿದ 14 ಮಂದಿಗೂ ಒಂದೇ ಮೈಟೊಕಾಂಡ್ರಿಯ. ದಕ್ಷಿಣದ್ದರಲ್ಲಿ 46ರಲ್ಲಿ 44 ಮಂದಿಗೆ ಇನ್ನೊಂದು. ಗಂಡಸರ ವೈ ಕ್ರೋಮೋಸೋಮ್ ಮಾತ್ರ ಬಗೆಬಗೆಯದು. ಅಂದರೆ ಗಂಡಸರನ್ನೂ ತಾಯಿಯ ಕುಲದ ನೆಲದಲ್ಲೇ ಹೂಳಿದ್ದಾರೆ. ಕುಟುಂಬದ ಮನೆಗೇ ಸೇರಿದ ತಮ್ಮಲೆಯನ್ನು (ಸೋದರಮಾವನನ್ನು) ಬಲ್ಲ ತುಳುನಾಡಿನವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. 2025ರಲ್ಲಿ ಇಂಗ್ಲೆಂಡಿನ ಡಾರ್ಸೆಟ್‌ನ ಕಬ್ಬಿಣಯುಗದ ಸ್ಮಶಾನವೊಂದರಲ್ಲೂ ಬಹುಪಾಲು ಮಂದಿ ಒಂದೇ ತಾಯಿ ಸಂತತಿಯವರೆಂದು ಗೊತ್ತಾಯಿತು.

ಇನ್ನೂ ಸೊಗಸಾದದ್ದು ಇಂಗ್ಲೆಂಡಿನದ್ದೇ ಹೇಝಲ್ಟನ್‌ನ 5,700 ವರ್ಷ ಹಳೆಯ ಕಲ್ಲುಗೋರಿ. 35 ಮಂದಿಯಲ್ಲಿ 27 ಮಂದಿ ಐದು ತಲೆಮಾರಿನ ಒಂದೇ ಕುಟುಂಬ, ಒಬ್ಬ ಗಂಡಸು ನಾಲ್ವರು ಹೆಂಗಸರಿಂದ ಹಬ್ಬಿದ್ದು. ಸಂತತಿ ಗಂಡಿನ ಕಡೆಯದೇ, ಆದರೆ ಗೋರಿಯ ಉತ್ತರ ಕೋಣೆಯೋ ದಕ್ಷಿಣ ಕೋಣೆಯೋ ಅನ್ನುವುದು ಆ ನಾಲ್ವರಲ್ಲಿ ಯಾವ ಅಜ್ಜಿಯ ಕವಲು ಅನ್ನುವುದನ್ನು ನೋಡಿ ತೀರ್ಮಾನವಾದಂತಿದೆ. ಕವರು ಪಾಲಾದ ಹಾಗೆ! ಜೊತೆಗೆ, ತಾಯಿ ಈ ಮನೆಯ ಸೊಸೆ, ಅಪ್ಪ ಮಾತ್ರ ಹೊರಗಿನವನು, ಅಂಥ ಗಂಡಸರೂ ಅದೇ ಗೋರಿಯಲ್ಲಿದ್ದಾರೆ. ಹೆಂಡತಿಯ ಮೊದಲಿನ ಮಕ್ಕಳನ್ನು ಮನೆಯವರಾಗಿ ಮಾಡಿಕೊಂಡಿದ್ದರು ಅನ್ನಬೇಕು.

"ಹಾಗಾದರೆ ಪೇಪರಿನಲ್ಲಿ ಬಂದ ಕೊರಗರ ಡಿಎನ್‌ಎ?" ಅದು ಮೂಳೆಯದ್ದಲ್ಲ. ಮಂಗಳೂರು ವಿಶ್ವವಿದ್ಯಾಲಯದವರೂ ಇದ್ದ ತಂಡ ಕರಾವಳಿಯ ಆದಿವಾಸಿಗಳಾದ ಈಗಿನ ಕೊರಗ ಸಮುದಾಯದವರ ಡಿಎನ್‌ಎಯನ್ನು ಪ್ರಕಟವಾದ ಹಳೆ ಜೀನೋಮುಗಳ ಜೊತೆ ಹೋಲಿಸಿ, ಸುಮಾರು 4,400 ವರ್ಷ ಹಿಂದಿನ, ದ್ರಾವಿಡ ಭಾಷೆಗಳ ಆರಂಭದ ಜೊತೆ ಜೋಡಿಸಬಹುದಾದ ಒಂದು ಅಂಶ ಗುರುತಿಸಿತು. ಅದು ಅವರ ಪೂರ್ವಜರ ಹಲವು ಎಳೆಗಳಲ್ಲಿ ಒಂದು. ಅದನ್ನು "ಕೊರಗರು ಇರಾನಿನಿಂದ ಬಂದವರು" ಅಂತ ವಾಟ್ಸಾಪಿನಲ್ಲಿ ಹಂಚಿದರೆ ಅದು ಓದಿದ್ದಲ್ಲ, ಕಥೆ ಕಟ್ಟಿದ್ದು. ಗೋವಾ, ಕುಮಟಾ, ಮಂಗಳೂರಿನ ಕ್ಯಾಥೊಲಿಕರ 2021ರ ಅಧ್ಯಯನವೂ ಬದುಕಿರುವವರದ್ದೇ. ಅದರಲ್ಲಿ ಗೌಡ ಸಾರಸ್ವತರ ಜೊತೆ ಹತ್ತಿರದ ನಂಟು ಕಂಡಿತು.

ಮಯೂರವರ್ಮ ಉತ್ತರದ ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದ ಅನ್ನುವ ಕಥೆಯಿದೆ; ಅಲ್ಲಿಂದ ಬಂದದ್ದು ಹೌದಾ ಅಂತ ಕೇಳುವವರಿಗೂ ಒಂದು ಮಾತು. ಹುಲ್ಲುಗಾವಲಿನ ಅಂಶ ಭಾರತಕ್ಕೆ ಬಂದದ್ದು ಕ್ರಿ.ಪೂ. 2000ದ ನಂತರ. ಕದಂಬ ಮಯೂರವರ್ಮ ಕ್ರಿ.ಶ. ನಾಲ್ಕನೆಯ ಶತಮಾನದವನು. ಎರಡರ ನಡುವೆ ಎರಡು ಸಾವಿರ ವರ್ಷ. ಆ ಅಂಶ ಮೈಯಲ್ಲಿ ಇದ್ದ ಮಾತ್ರಕ್ಕೆ ಮಯೂರವರ್ಮನ ಕಾಲದ ಪ್ರಯಾಣ ಸಾಬೀತಾಗುವುದಿಲ್ಲ. ಅದಕ್ಕೆ ಆ ಕಾಲದ ಅಹಿಚ್ಛತ್ರದವರ ಮೂಳೆಯೂ ಆ ಕಾಲದ ಇಲ್ಲಿಯವರ ಮೂಳೆಯೂ ಬೇಕು.

ಅಂಥ ಮೂಳೆ ಮುರಕಲ್ಲು ಕೋರೆಯಲ್ಲೋ ಮನೆ ಪಾಯದಲ್ಲೋ ಸಿಕ್ಕರೆ ಜೆಸಿಬಿ ನಿಲ್ಲಿಸಿ, ಮೊದಲು ಪೊಲೀಸರಿಗೆ ಹೇಳಿ. ಹಳೆಯದೋ ಹೊಸದೋ ಅಂತ ನಾವು ತೀರ್ಮಾನಿಸುವಂತಿಲ್ಲ. ಆಮೇಲೆ ಪುರಾತತ್ವ ಇಲಾಖೆ. ಅವರು ಬರುವ ತನಕ ಬರಿಗೈಯಲ್ಲಿ ಮುಟ್ಟಬೇಡಿ, ನೀರು ಹಾಕಿ ತೊಳೆಯಬೇಡಿ, ತೊಳೆದ ಮೂಳೆಯಲ್ಲಿ ಡಿಎನ್‌ಎ ಬೇಗ ಹಾಳಾಗುತ್ತದೆ. ಫೆವಿಕಾಲ್, ವಾರ್ನಿಶ್ ಮುಟ್ಟಿಸಲೇಬೇಡಿ. ಒದ್ದೆ ಮೂಳೆಯನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿಟ್ಟರೆ ಬೂಸ್ಟು ಹಿಡಿಯುತ್ತದೆ. ಮಳೆ ಬಿಸಿಲು ತಾಗದಂತೆ ಮೇಲೆ ತಗಡು ಎತ್ತರಿಸಿ ಕಟ್ಟಿ. ತಲೆಬುರುಡೆ ಒಡೆದು ಹೋಗಿದ್ದರೂ ಸುತ್ತಲಿನ ಮಣ್ಣನ್ನು ಎಸೆಯಬೇಡಿ. ಕಿವಿಯ ಹಿಂದಿನ ಆ ತುಣುಕು ಉಳಿದೆಲ್ಲ ಕರಗಿದ ಮೇಲೂ ಉಳಿಯುವಂಥದ್ದು. ಹೆಬ್ಬೆರಳಿನ ತುದಿಯಷ್ಟು, ನೋಡಲು ಕಲ್ಲಿನ ಹರಳಿನ ಹಾಗೆ. ಗೊತ್ತಿಲ್ಲದಿದ್ದರೆ ಜಲ್ಲಿಯ ಜೊತೆ ಬುಟ್ಟಿಗೆ ಹೋಗಿಬಿಡುತ್ತದೆ.